ಹ್ಯಾಂಡಲ್ ಮೇಲೆ ಹಳೇ ಫೋನು

ಸೈಕಲ್ ಕೊಂಡು ಮೂರು ತಿಂಗಳಾಗುವಷ್ಟರಲ್ಲಿ ಅಂಕಿಗಳ ಹುಚ್ಚು ಹತ್ತಿಕೊಳ್ಳುತ್ತದೆ. ಇವತ್ತು ಎಷ್ಟು ಕಿಲೋಮೀಟರ್ ಆಯಿತು, ಸರಾಸರಿ ವೇಗ ಎಷ್ಟು, ನಂದಿ ಬೆಟ್ಟ ಹತ್ತುವುದಕ್ಕೆ ಹೋದ ಸಲಕ್ಕಿಂತ ಎಷ್ಟು ನಿಮಿಷ ಕಡಿಮೆ ಬೇಕಾಯಿತು ಎಂದು ತಿಳಿಯದಿದ್ದರೆ ಸವಾರಿ ಮುಗಿದಂತೆಯೇ ಅನ್ನಿಸುವುದಿಲ್ಲ. ಜೊತೆಗೆ ಬರುವವರ ಹ್ಯಾಂಡಲ್ ಮೇಲೆ ಗಾರ್ಮಿನ್ನೋ ವಾಹೂವೋ ಕಂಪನಿಯ ಸೈಕಲ್ ಕಂಪ್ಯೂಟರ್ ಕೂತಿರುತ್ತದೆ. ಅಂಗಡಿಯಲ್ಲಿ ವಿಚಾರಿಸಿದರೆ ಬೆಲೆ ಎರಡು ಮೂರು ಸಾವಿರದಿಂದ ಶುರುವಾಗಿ ಅರ್ಧ ಲಕ್ಷ ದಾಟುತ್ತದೆ. ನಮ್ಮಲ್ಲಿ ಅನೇಕರ ಸೈಕಲ್ಲಿಗೇ ಅಷ್ಟು ಬೆಲೆ ಇಲ್ಲ. ಅದೇ ಹೊತ್ತಿಗೆ ಮನೆಯ ಯಾವುದೋ ಡ್ರಾಯರಿನಲ್ಲಿ ನಾಲ್ಕು ವರ್ಷದ ಹಿಂದಿನ ಫೋನೊಂದು ಸುಮ್ಮನೆ ಬಿದ್ದಿರುತ್ತದೆ. ಅದರಲ್ಲೂ ಜಿಪಿಎಸ್ ಇದೆ, ಬ್ಲೂಟೂತ್ ಇದೆ, ಪರದೆಯಂತೂ ಆ ದುಬಾರಿ ಸಾಧನಕ್ಕಿಂತ ದೊಡ್ಡದು.

ನನ್ನ ಸಲಹೆ ಇಷ್ಟೇ. ಮೊದಲ ಒಂದು ವರ್ಷ ಸೈಕಲ್ ಕಂಪ್ಯೂಟರ್ ಕೊಳ್ಳಲು ಹೋಗಬೇಡಿ. ಹಳೇ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿ, ದಿನಬಳಕೆಯ ಫೋನನ್ನು ಬೆನ್ನಿನ ಜೇಬಿನಲ್ಲಿಡಿ. ದೂರ, ವೇಗ ಅಳೆಯುವುದರಲ್ಲಿ ಫೋನು ಯಾರಿಗೂ ಕಡಿಮೆಯಿಲ್ಲ. ಅದು ಕೈಕೊಡುವುದು ಬ್ಯಾಟರಿಯಲ್ಲಿ, ಬಿಸಿಲಿಗೆ ಮಸುಕಾಗುವ ಪರದೆಯಲ್ಲಿ, ಅದನ್ನು ಹಿಡಿದಿಡುವ ಕ್ಲಾಂಪಿನಲ್ಲಿ. ಈ ಮೂರನ್ನು ಪಳಗಿಸಿಕೊಂಡವರಿಗೆ ಹಳೇ ಫೋನೇ ಸಾಕು.

ಸಿಮ್ ಇಲ್ಲದ ಜಿಪಿಎಸ್

‘ಆ ಫೋನಿಗೆ ಸಿಮ್ಮೇ ಇಲ್ಲವಲ್ಲ, ಜಿಪಿಎಸ್ ಹೇಗೆ ಬರುತ್ತೆ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಜಿಪಿಎಸ್‌ಗೆ ಸಿಮ್ ಬೇಡ, ಡೇಟಾ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನೂ ತಮ್ಮ ಕಕ್ಷೆಯ ವಿವರವನ್ನೂ ಬಿಡದೆ ಬಿತ್ತರಿಸುತ್ತಿರುತ್ತವೆ. ಫೋನು ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ತಿರುಗಿ ಏನನ್ನೂ ಕಳಿಸುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ನೀವು ಎಲ್ಲಿದ್ದೀರಿ, ಎಷ್ಟು ಎತ್ತರದಲ್ಲಿದ್ದೀರಿ ಎಂಬ ಲೆಕ್ಕ ಕೂಡಿಬರುತ್ತದೆ.

ಇಂಟರ್ನೆಟ್ ಬೇಕಾಗುವುದು ಮೊದಲ ಸಲ ಜಾಗ ಹಿಡಿಯುವ ಹೊತ್ತನ್ನು ಕಡಿಮೆ ಮಾಡುವುದಕ್ಕೆ. ಉಪಗ್ರಹ ಕಳಿಸುವ ಮಾಹಿತಿಯ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹದ ಕಕ್ಷೆಯ ವಿವರ 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಕಕ್ಷೆಗಳ ಪಂಚಾಂಗ ಪೂರ್ತಿ ಇಳಿಯಬೇಕಾದರೆ 12.5 ನಿಮಿಷ ಹಿಡಿಯುತ್ತದೆ. ಇಂಟರ್ನೆಟ್ ಇದ್ದರೆ ಫೋನು ಈ ವಿವರವನ್ನು ಮೊದಲೇ ತರಿಸಿಕೊಂಡು ಕೆಲವೇ ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಆಫ್ ಆಗಿದ್ದ ಸಿಮ್ ಇಲ್ಲದ ಫೋನನ್ನು ಬೆಳಗಿನ ಜಾವ ಐದಕ್ಕೆ ಹೆಬ್ಬಾಳದ ಮೇಲ್ಸೇತುವೆ ಕೆಳಗೆ ಎಬ್ಬಿಸಿ, ಸಿಗ್ನಲ್ ಬರಲಿಲ್ಲವೆಂದು ಬೈಯುವುದು ನ್ಯಾಯವಲ್ಲ. ಹೊರಡುವ ಮುಂಚೆ ಮನೆಯ ವೈಫೈ ಸಿಗುವ ಜಾಗದಲ್ಲೇ, ತಲೆಯ ಮೇಲೆ ಆಕಾಶ ಕಾಣುವಂತೆ ನಿಂತು ಆ್ಯಪ್ ತೆರೆಯಿರಿ. ಟೈರಿಗೆ ಗಾಳಿ ಹಾಕುವಷ್ಟರಲ್ಲಿ ಜಾಗ ಹಿಡಿದಿರುತ್ತದೆ.

ಇದರಲ್ಲಿ ನಮ್ಮ ಕಡೆಯವರದೂ ಒಂದು ಪಾಲಿದೆ. ಜಿಪಿಎಸ್ ಥರದ್ದೇ ಆದ ಇಸ್ರೋದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಮೇಲೇರಿದ್ದು 2013ರ ಜುಲೈನಲ್ಲಿ. ಅದರ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲಿದೆ. ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿ. 2020ರಿಂದೀಚೆಗೆ ಬಂದ ಕೆಲವು ಆಂಡ್ರಾಯ್ಡ್ ಫೋನುಗಳು ನಾವಿಕ್ ಸಂಕೇತವನ್ನೂ ಹಿಡಿಯುತ್ತವೆ. ನಿಮ್ಮದು ಹಿಡಿಯುತ್ತದೆಯೇ ಎಂದು ‘ಜಿಪಿಎಸ್‌ಟೆಸ್ಟ್’ನಂಥ ಉಚಿತ ಆ್ಯಪ್ ತೋರಿಸಿಕೊಡುತ್ತದೆ. ಜಿಪಿಎಸ್ ಸಂಕೇತದ ಮಾಮೂಲಿ ಎಲ್1 ಜೊತೆಗೆ ಎಲ್5 ತರಂಗಾಂತರವನ್ನೂ ಹಿಡಿಯುವ ಫೋನು ಸಿಕ್ಕರೆ ಇನ್ನೂ ಒಳ್ಳೆಯದು. ಎತ್ತರದ ಗಾಜಿನ ಕಟ್ಟಡಗಳಿಗೆ ಬಡಿದು ಮರಳುವ ಸಂಕೇತದಿಂದ ಎಲ್1 ಮೋಸ ಹೋಗುವಷ್ಟು ಎಲ್5 ಹೋಗುವುದಿಲ್ಲ. ತೆರೆದ ಬಯಲಿನಲ್ಲಿ ಮಾತ್ರ ಮಾಮೂಲಿ ಫೋನೂ ಐದು ಮೀಟರಿನ ಆಸುಪಾಸಿನಲ್ಲಿ ನಿಮ್ಮನ್ನು ಗುರುತಿಸುತ್ತದೆ. ಸೈಕಲ್ಲಿಗೆ ಅದು ಧಾರಾಳ.

ಬ್ಯಾಟರಿಯನ್ನು ತಿನ್ನುವವರು ಯಾರು?

ಎಲ್ಲರೂ ಜಿಪಿಎಸ್ ಕಡೆ ಬೆರಳು ತೋರಿಸುತ್ತಾರೆ. ನಿಜವಾಗಿ ಹೆಚ್ಚು ತಿನ್ನುವುದು ಪರದೆ. ಬಿಸಿಲಿನಲ್ಲಿ ಕಾಣಲೆಂದು ಬೆಳಕನ್ನು ಪೂರ್ತಿ ಏರಿಸಿ, ಅದು ಆರದಂತೆ ಕಟ್ಟಪ್ಪಣೆ ಮಾಡಿದರೆ ಹಳೇ ಬ್ಯಾಟರಿ ಎರಡು ಮೂರು ಗಂಟೆಯಲ್ಲಿ ನೆಲ ಕಚ್ಚುತ್ತದೆ. ನಂತರದ ಸ್ಥಾನ ಮೊಬೈಲ್ ನೆಟ್‌ವರ್ಕಿನದು. ಟವರ್ ದೂರವಿರುವ ಕಡೆ ಅದನ್ನು ಹುಡುಕುತ್ತ ಫೋನು ಸುಮ್ಮನೆ ಶಕ್ತಿ ಸುರಿಯುತ್ತದೆ. ಚಾರ್ಮಾಡಿ, ಕುದುರೆಮುಖದ ಕಡೆ ಹೋದವರಿಗೆ ಗೊತ್ತು, ಏನೂ ಮಾಡದೆ ಜೇಬಿನಲ್ಲಿದ್ದ ಫೋನೇ ಮಧ್ಯಾಹ್ನಕ್ಕೆ ಬರಿದಾಗಿರುತ್ತದೆ. ಹ್ಯಾಂಡಲ್ಲಿನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಲೊಕೇಶನ್ ಮಾತ್ರ ಆನ್ ಇರಲಿ. ಚಕ್ರಕ್ಕೆ ಹಾಕುವ ಸ್ಪೀಡ್ ಸೆನ್ಸರ್ ಬಳಸುವುದಾದರೆ ಬ್ಲೂಟೂತನ್ನು ಮತ್ತೆ ಆನ್ ಮಾಡಿಕೊಳ್ಳಿ. ಹೆಚ್ಚಿನ ಫೋನುಗಳಲ್ಲಿ ಜಿಪಿಎಸ್ ಈ ಸ್ಥಿತಿಯಲ್ಲೂ ನಡೆಯುತ್ತದೆ. ನಿಮ್ಮದರಲ್ಲಿ ನಡೆಯುತ್ತದೆಯೇ ಎಂದು ಬೀದಿಯ ಒಂದು ಸುತ್ತು ಹೊಡೆದು ನೋಡಿ.

ಇನ್ನು ಪರದೆ ಸದಾ ಉರಿಯುತ್ತಿರಬೇಕೆ? ಒಮ್ಮೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ದೇವನಹಳ್ಳಿಯವರೆಗಿನ ನೇರ ರಸ್ತೆಯಲ್ಲಿ ವೇಗ 26 ಇದೆಯೋ 27 ಇದೆಯೋ ಎಂದು ಕ್ಷಣಕ್ಷಣಕ್ಕೂ ನೋಡಿ ಆಗಬೇಕಾದ್ದೇನೂ ಇಲ್ಲ, ಎದುರಿನ ಗುಂಡಿ ಕಣ್ಣಿಗೆ ಬೀಳದೆ ಹೋಗುತ್ತದೆ. ಪರದೆ ಆರಿಸಿ, ಹಿನ್ನೆಲೆಯಲ್ಲಿ ದಾಖಲಾಗಲು ಬಿಟ್ಟು, ಬೇಕೆನಿಸಿದಾಗ ಗುಂಡಿ ಒತ್ತಿ ನೋಡುವುದು ನನ್ನ ಪ್ರಕಾರ ಒಳ್ಳೆಯ ಪದ್ಧತಿ. ಕೆಲವು ಆ್ಯಪುಗಳು ಐದು ಕಿಲೋಮೀಟರಿಗೊಮ್ಮೆ ದೂರ, ವೇಗ ಹೇಳುತ್ತವೆ. ಸ್ಪೀಕರಿನ ದನಿ ಕಿವಿಗೆ ಬಿದ್ದರೆ ಸಾಕು, ನೋಡುವ ಕೆಲಸವೇ ಇಲ್ಲ. ಇಯರ್‌ಫೋನ್ ಮಾತ್ರ ಬೇಡ. ಹಿಂದಿನಿಂದ ಬರುವ ಲಾರಿಯ ಸದ್ದು ನಿಮಗೆ ಬೇಕು.

ಪರದೆ ಆರಿಸಿದರೆ ಇನ್ನೊಂದು ಕಾಟ ಎದುರಾಗುತ್ತದೆ, ಅದು ಆಂಡ್ರಾಯ್ಡಿನವರದ್ದು. ಬ್ಯಾಟರಿ ಉಳಿಸುವ ನೆಪದಲ್ಲಿ ಅನೇಕ ಕಂಪನಿಗಳ ಫೋನುಗಳು ಹಿನ್ನೆಲೆಯ ಆ್ಯಪುಗಳನ್ನು ಹೇಳದೆ ಕೇಳದೆ ಮುಚ್ಚಿಬಿಡುತ್ತವೆ. ಅರವತ್ತು ಕಿಲೋಮೀಟರ್ ತುಳಿದು ಬಂದು ನೋಡಿದರೆ ನಕ್ಷೆಯಲ್ಲಿ ಮೊದಲ ಹನ್ನೆರಡು ಕಿಲೋಮೀಟರ್ ಗೆರೆ, ಆಮೇಲೆ ಕಡ್ಡಿ ಗೀರಿದಂತೆ ನೇರ ಗೆರೆಯೊಂದು ಕೆರೆ, ತೋಟ ಎಲ್ಲವನ್ನೂ ಹಾದು ಹೋಗಿರುತ್ತದೆ. ಜಿಪಿಎಸ್ ಕೆಟ್ಟಿತೆಂದು ಅಂಗಡಿಗೆ ಓಡುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪಿನ ಬ್ಯಾಟರಿ ವಿಭಾಗ ತೆರೆಯಿರಿ. ‘ಆಪ್ಟಿಮೈಸ್ಡ್’ ಎಂದಿದ್ದರೆ ಅದನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಕೆಲವು ಕಂಪನಿಗಳಲ್ಲಿ ಅದರ ಜೊತೆಗೆ ‘ಆಟೊಸ್ಟಾರ್ಟ್’ ಎಂಬ ಇನ್ನೊಂದು ಅನುಮತಿಯೂ ಅಡಗಿರುತ್ತದೆ, ಅದನ್ನೂ ಕೊಡಿ. ಬ್ಯಾಟರಿ ಸೇವರ್ ಪೂರ್ತಿ ಆಫ್ ಇರಲಿ. ಐಫೋನಿನಲ್ಲಿ ಈ ತಲೆನೋವು ಕಡಿಮೆ. ಲೊಕೇಶನ್ ಅನುಮತಿಯ ಪುಟದಲ್ಲಿ ‘ಪ್ರಿಸೈಸ್ ಲೊಕೇಶನ್’ ಆನ್ ಇದೆಯೇ ಎಂದು ನೋಡಿಕೊಂಡರೆ ಆಯಿತು.

ಹಳೇ ಫೋನಿನ ಬೆನ್ನು ಉಬ್ಬಿದೆಯೇ, ಪರದೆ ಅಂಚಿನಲ್ಲಿ ಮೇಲೆದ್ದಿದೆಯೇ ಎಂದು ಬೆರಳಾಡಿಸಿ ನೋಡಿ. ಉಬ್ಬಿದ್ದರೆ ಅದು ಬ್ಯಾಟರಿ ಕೆಟ್ಟ ಗುರುತು. ಅಂಥದ್ದನ್ನು ಬಿಸಿಲಿನಲ್ಲಿ ಕುಲುಕಿಸಿಕೊಂಡು ಹೋಗುವುದು ಅಪಾಯ. ಹೊಸ ಬ್ಯಾಟರಿ ಹಾಕಿಸಿ, ಇಲ್ಲವೇ ಇ-ತ್ಯಾಜ್ಯಕ್ಕೆ ಕೊಡಿ.

ಕ್ಲಾಂಪು, ಕುಲುಕಾಟ, ಕಾವು

ಮಾರುಕಟ್ಟೆಯಲ್ಲಿ ಮೂರು ಬಗೆಯ ಮೌಂಟುಗಳು ಸಿಗುತ್ತವೆ. ಸಿಲಿಕಾನ್ ಪಟ್ಟಿಯದು ಅಗ್ಗ, ನಾಲ್ಕು ಮೂಲೆಗೆ ಎಳೆದು ಸಿಕ್ಕಿಸುವಂಥದ್ದು. ನಗರದ ನುಣುಪು ರಸ್ತೆಗೆ ಸಾಕು. ವರ್ಷ ಕಳೆದಂತೆ ಬಿಸಿಲಿಗೆ ಬಿರಿಯುತ್ತದೆ, ಆಗಾಗ ಎಳೆದು ನೋಡುತ್ತಿರಿ. ಎರಡನೆಯದು ಸ್ಕ್ರೂ ತಿರುಗಿಸಿ ಬಿಗಿಮಾಡುವ ಕ್ಲಾಂಪು. ಹಿಡಿತ ಗಟ್ಟಿ, ಆದರೆ ಅದರ ಹಲ್ಲುಗಳು ಫೋನಿನ ಪವರ್ ಗುಂಡಿಯ ಮೇಲೋ ವಾಲ್ಯೂಮ್ ಗುಂಡಿಯ ಮೇಲೋ ಕೂತುಬಿಡುತ್ತವೆ. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿದಂತೆಲ್ಲ ಪವರ್ ಒತ್ತಿಕೊಳ್ಳುತ್ತದೆ. ಐದು ಸಲ ಒತ್ತಿದರೆ ತುರ್ತು ಕರೆಗೆ ಸಿದ್ಧವಾಗುವ ಸೌಲಭ್ಯ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿದೆ. ಸವಾರಿಯ ನಡುವೆ ಫೋನು ಇದ್ದಕ್ಕಿದ್ದಂತೆ ಕಿರುಚಿಕೊಂಡು 112ಕ್ಕೆ ಕರೆ ಮಾಡಲು ಹೊರಟರೆ ಕಾರಣ ಇದೇ. ಕ್ಲಾಂಪನ್ನು ಒಂದು ಬೆರಳು ಆಚೆ ಸರಿಸಿ, ಹ್ಯಾಂಡಲ್ಲಿನ ಫೋನಿನಲ್ಲಿ ಆ ಸೌಲಭ್ಯ ತೆಗೆದುಹಾಕಿ. ಜೇಬಿನ ಫೋನಿನಲ್ಲಿ ಅದು ಇರಲೇಬೇಕು. ಮೂರನೆಯದು ಕ್ವಾಡ್ ಲಾಕ್ ಥರದ್ದು, ಫೋನಿನ ಕವರಿನ ಬೆನ್ನಿಗೇ ಕೊಂಡಿ ಇರುತ್ತದೆ. ತಿರುಗಿಸಿ ಬೀಗ ಹಾಕುವುದು. ದುಬಾರಿ, ಆದರೆ ನಿಶ್ಚಿಂತೆ. ಯಾವುದನ್ನೇ ಕೊಳ್ಳಿ, ಹ್ಯಾಂಡಲ್ಲಿನ ತುದಿಗಿಂತ ನಡುವಿನ ಸ್ಟೆಮ್ ಮೇಲೆ ಕೂರಿಸುವುದು ಲೇಸು. ಅಲ್ಲಿ ಕುಲುಕಾಟ ಕಡಿಮೆ, ಸೈಕಲ್ ಬಿದ್ದಾಗ ಪೆಟ್ಟೂ ಕಡಿಮೆ. ಜೊತೆಗೊಂದು ಸಣ್ಣ ದಾರವನ್ನು ಫೋನಿನ ಕವರಿನಿಂದ ಸ್ಟೆಮ್ಮಿಗೆ ಬಿಗಿದಿಡಿ. ಮೌಂಟ್ ಕೈಬಿಟ್ಟರೂ ದಾರ ಹಿಡಿದಿರುತ್ತದೆ.

ಹೊಸ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಬೇಡಿ ಎನ್ನುವುದಕ್ಕೆ ಕ್ಯಾಮೆರಾವೂ ಒಂದು ಕಾರಣ. ಈಗಿನ ಅನೇಕ ಫೋನುಗಳ ಕ್ಯಾಮೆರಾದ ಮಸೂರ, ಕೈ ನಡುಗಿದರೂ ಚಿತ್ರ ಮಸುಕಾಗದಂತೆ ಒಳಗೇ ಅಲುಗಾಡುತ್ತಿರುತ್ತದೆ. ದೊಡ್ಡ ಎಂಜಿನ್ನಿನ ಮೋಟಾರ್‌ಸೈಕಲ್ಲುಗಳ ಕಂಪನದಿಂದ ಈ ವ್ಯವಸ್ಥೆ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಸೈಕಲ್ಲಿಗೆ ಎಂಜಿನ್ ಇಲ್ಲ, ನಿಜ. ಆದರೂ ಜಲ್ಲಿ ಕಿತ್ತ ರಸ್ತೆಯಲ್ಲಿ, ತೆಳು ಟೈರಿನ ಮೇಲೆ ದಿನಾ ಕುಟ್ಟಿಸಿಕೊಳ್ಳುವುದು ಹಳೇ ಫೋನಿನ ಪಾಲಿಗಿರಲಿ. ಅದರ ಕ್ಯಾಮೆರಾ ಕೆಟ್ಟರೆ ಕೇಳುವವರಿಲ್ಲ.

ಕಾವಿನ ಮಾತು. ಸುತ್ತಲಿನ ಗಾಳಿ 35 ಡಿಗ್ರಿ ಮೀರದಿರಲಿ ಎನ್ನುತ್ತದೆ ಆಪಲ್. ಕಲಬುರಗಿ, ರಾಯಚೂರಿನವರು ಏಪ್ರಿಲ್‌ನಲ್ಲಿ ಈ ಮಾತು ಕೇಳಿದರೆ ನಗುತ್ತಾರೆ. ನೇರ ಬಿಸಿಲಿಗೆ ಬಿದ್ದ ಫೋನು ಮೊದಲು ತಾನಾಗಿ ಪರದೆ ಮಬ್ಬು ಮಾಡುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲಿಸುತ್ತದೆ, ಕೊನೆಗೆ ಎಚ್ಚರಿಕೆ ತೋರಿಸಿ ಮಲಗಿಬಿಡುತ್ತದೆ. ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುತ್ತ ಬಿಸಿಲಿನಲ್ಲಿ ಇಟ್ಟರೆ ಇದು ಬೇಗ ಆಗುತ್ತದೆ. ಬೆಳಗ್ಗೆ ಹತ್ತು ಗಂಟೆಯ ಮೇಲೂ ತುಳಿಯುವುದಿದ್ದರೆ ಫೋನನ್ನು ಹ್ಯಾಂಡಲ್ಲಿನಿಂದ ತೆಗೆದು, ದಾಖಲಾತಿ ನಡೆಯುತ್ತಿರುವಾಗಲೇ ಬ್ಯಾಗಿನೊಳಗಿಡಿ. ಬಟ್ಟೆಯನ್ನು ದಾಟಿ ಜಿಪಿಎಸ್ ಬರುತ್ತದೆ.

ಮಳೆಗಾಲದಲ್ಲಿ ತೊಂದರೆ ಬೇರೆ. ಫೋನು ನೀರು ತಡೆದರೂ ಪರದೆ ತಡೆಯುವುದಿಲ್ಲ: ಹನಿಗಳನ್ನೇ ಬೆರಳೆಂದುಕೊಂಡು ತನಗೆ ತಾನೇ ಪುಟ ತಿರುವುತ್ತದೆ, ದಾಖಲಾತಿಯನ್ನೇ ನಿಲ್ಲಿಸುತ್ತದೆ. ಬೆವರಿನ ಹನಿಗೂ ಇದೇ ಗತಿ. ಆಂಡ್ರಾಯ್ಡಿನಲ್ಲಿ ‘ಆ್ಯಪ್ ಪಿನ್ನಿಂಗ್’ ಮಾಡಿದರೆ ಆ್ಯಪ್ ಬಿಟ್ಟು ಆಚೆ ಹೋಗುವುದಿಲ್ಲ. ಐಫೋನಿನ ‘ಗೈಡೆಡ್ ಆ್ಯಕ್ಸೆಸ್’ನಲ್ಲಿ ಸ್ಪರ್ಶವನ್ನೇ ನಿಷ್ಕ್ರಿಯ ಮಾಡಬಹುದು. ಎರಡೂ ರಗಳೆ ಅನ್ನಿಸಿದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪರದೆ ಆರಿಸಿ, ಜೇಬಿಗಿಡಿ. ಚಾರ್ಜಿಂಗ್ ತೂತು ಒದ್ದೆಯಾದರೆ ಒಣಗುವವರೆಗೆ ಕೇಬಲ್ ಚುಚ್ಚಬೇಡಿ.

ನಂದಿ ಬೆಟ್ಟ ಯಾಕೆ ಕುಗ್ಗುತ್ತದೆ?

ದೂರ, ವೇಗದ ಅಂಕಿಗಳನ್ನು ಬಹುಮಟ್ಟಿಗೆ ನಂಬಬಹುದು. ರೈಲು ಹತ್ತಿರ ಬಂದು ದಾಟಿಹೋಗುವಾಗ ಸೀಟಿಯ ಸ್ವರ ಬದಲಾಗುತ್ತದಲ್ಲ, ಅದೇ ಡಾಪ್ಲರ್ ಪರಿಣಾಮವನ್ನು ಉಪಗ್ರಹದ ಸಂಕೇತದಲ್ಲಿ ಅಳೆದು ಜಿಪಿಎಸ್ ವೇಗ ಹೇಳುತ್ತದೆ. ಅದಕ್ಕೇ ಜಾಗ ನಾಲ್ಕಾರು ಮೀಟರ್ ಆಚೀಚೆಯಾದರೂ ವೇಗ ಅಷ್ಟು ತಪ್ಪುವುದಿಲ್ಲ. ತಕರಾರು ಬರುವುದು ನಿಂತಾಗ. ಟೀ ಅಂಗಡಿ ಮುಂದೆ ಸೈಕಲ್ ಒರಗಿಸಿದ್ದರೂ ಜಾಗದ ಗುರುತು ಅತ್ತಿತ್ತ ಅಲೆದಾಡಿ ದೂರಕ್ಕೆ ಒಂದಿಷ್ಟು ಸೇರಿಸುತ್ತದೆ. ನಿಂತಾಗ ದಾಖಲಾತಿಯನ್ನು ತಾನಾಗಿ ತಡೆಹಿಡಿಯುವ ಆಟೊ-ಪಾಜ್ ಹಾಕಿದರೆ ಇದು ತಪ್ಪುತ್ತದೆ. ಆದರೆ ನಂದಿಯ ಕಡಿದಾದ ತಿರುವಿನಲ್ಲಿ ಏದುಸಿರು ಬಿಡುತ್ತ ಗಂಟೆಗೆ ಐದು ಕಿಲೋಮೀಟರಿನಂತೆ ತೆವಳುವಾಗ, ಅದೇ ಆಟೊ-ಪಾಜ್ ನೀವು ನಿಂತಿದ್ದೀರಿ ಎಂದು ತೀರ್ಮಾನಿಸಿಬಿಡುತ್ತದೆ! ಏರಿಗೆ ಹೋಗುವ ದಿನ ಅದನ್ನು ಆಫ್ ಮಾಡಿ.

ಎತ್ತರದ ಕತೆ ಸ್ವಾರಸ್ಯಕರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಕೆಲವು ಆ್ಯಪುಗಳು 830 ಮೀಟರಿನ ಆಸುಪಾಸಿನ ಅಂಕಿ ತೋರಿಸುತ್ತವೆ. ಮಂಗಳೂರಿನ ಕಡಲ ದಡದಲ್ಲಿ ನಿಂತರಂತೂ ನೀವು ನೀರಿನ ಕೆಳಗಿದ್ದೀರಿ ಎನ್ನುವಂತೆ ಮೈನಸ್ ಅಂಕಿ. ಫೋನು ಕೆಟ್ಟಿಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯನ್ನು ನುಣುಪಾದ, ತುಸು ಚಪ್ಪಟೆಯಾದ ಗೋಳವೆಂದು ಕಲ್ಪಿಸಿಕೊಂಡ ಗಣಿತದ ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಹೆಚ್ಚುಕಡಿಮೆಗೆ ತಕ್ಕಂತೆ ಅದರಿಂದ ಮೇಲೆ ಕೆಳಗೆ ಸರಿದಿರುತ್ತದೆ. ಜಗತ್ತಿನಲ್ಲೇ ಅದು ಅತ್ಯಂತ ಕೆಳಗೆ ತಗ್ಗಿರುವುದು ನಮ್ಮ ಪಕ್ಕದಲ್ಲಿ, ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರಿಗೂ ಹೆಚ್ಚು. ಆ ತಗ್ಗು ಯಾಕೆ ಉಂಟಾಯಿತೆಂದು ವಿವರಿಸುವ ಸಂಶೋಧನೆಯೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೇ 2023ರಲ್ಲಿ ಪ್ರಕಟಿಸಿದ್ದಾರೆ. ಅದೇ ತಗ್ಗಿನ ಇಳಿಜಾರಿನಲ್ಲಿ ದಕ್ಷಿಣ ಭಾರತವೂ ಇದೆ. ಹಾಗಾಗಿ ತಿದ್ದುಪಡಿ ಮಾಡದ ಆ್ಯಪಿನಲ್ಲಿ 1,478 ಮೀಟರಿನ ನಂದಿ ಬೆಟ್ಟವೂ 1,400 ಮುಟ್ಟುವುದಿಲ್ಲ. ಆ್ಯಪಿನ ಸೆಟ್ಟಿಂಗಿನಲ್ಲಿ ಸಮುದ್ರಮಟ್ಟದ ತಿದ್ದುಪಡಿ ಇದ್ದರೆ ಆನ್ ಮಾಡಿಕೊಳ್ಳಿ.

ಹತ್ತಿದ ಒಟ್ಟು ಎತ್ತರಕ್ಕೆ ಈ ವ್ಯತ್ಯಾಸ ಬಾಧಿಸುವುದಿಲ್ಲ. ಅದನ್ನು ಕೆಡಿಸುವುದು ಜಿಪಿಎಸ್ ಎತ್ತರದ ಏರಿಳಿತ. ಸಮತಟ್ಟು ರಸ್ತೆಯಲ್ಲೂ ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ, ಆ್ಯಪು ಪ್ರತಿ ಕುಣಿತವನ್ನೂ ಏರು ಎಂದು ಕೂಡಿಸಿಬಿಡುತ್ತದೆ. ವಾಯುಭಾರ ಅಳೆಯುವ ಬ್ಯಾರೋಮೀಟರ್ ಇರುವ ಫೋನು ಸಿಕ್ಕರೆ ಬಿಡಬೇಡಿ. ನಮ್ಮ ಎತ್ತರದಲ್ಲಿ ಸುಮಾರು 9 ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ, ಅದರ ಹತ್ತರಲ್ಲೊಂದು ಪಾಲನ್ನೂ ಬ್ಯಾರೋಮೀಟರ್ ಗುರುತಿಸುತ್ತದೆ. ಇಲ್ಲದವರು ಸವಾರಿ ದಾಖಲಿಸುವ ಆ್ಯಪ್ ಆದ ಸ್ಟ್ರಾವಾದ ವೆಬ್‌ಸೈಟಿನಲ್ಲಿ ಎತ್ತರ ಸರಿಪಡಿಸುವ ಆಯ್ಕೆ ಬಳಸಬಹುದು. ಅದು ನಕ್ಷೆಯಲ್ಲಿ ಮೊದಲೇ ಇರುವ ಎತ್ತರವನ್ನು ನಿಮ್ಮ ಹಾದಿಗೆ ಹೊಂದಿಸುತ್ತದೆ.

ಆ್ಯಪು, ಸೆನ್ಸರ್

ಆ್ಯಪಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗೆಳೆಯರೆಲ್ಲ ಸ್ಟ್ರಾವಾದಲ್ಲಿದ್ದರೆ ಸ್ಟ್ರಾವಾ. ಸವಾರಿ ದಾಖಲಿಸುವುದಕ್ಕೆ ದುಡ್ಡು ಕೊಡಬೇಕಿಲ್ಲ. ದಾರಿ ತೋರಿಸಲು ಓಎಸ್‌ಎಂಆ್ಯಂಡ್ ಒಳ್ಳೆಯದು. ಇಡೀ ರಾಜ್ಯದ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಘಾಟಿಯಲ್ಲೂ ನಡೆಯುತ್ತದೆ. ಅದು ಬಳಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೆರೆ ಏರಿಯ ಮೇಲಿನ ಹಾದಿ, ತೋಟದ ನಡುವಿನ ಕಾಲುದಾರಿಗಳನ್ನೂ ಉತ್ಸಾಹಿಗಳು ಗುರುತಿಸಿಟ್ಟಿದ್ದಾರೆ, ಅನೇಕ ಊರುಗಳ ಹೆಸರು ಕನ್ನಡದಲ್ಲೂ ಇದೆ. ಎಲ್ಲಿಗೂ ಮಾಹಿತಿ ಹೋಗಬಾರದು ಎನ್ನುವವರಿಗೆ ಓಪನ್‌ಟ್ರ್ಯಾಕ್ಸ್ ಇದೆ. ಇಂಟರ್ನೆಟ್ಟಿನ ಅನುಮತಿಯನ್ನೇ ಕೇಳದ ಆಂಡ್ರಾಯ್ಡ್ ಆ್ಯಪ್ ಅದು. ಯಾವುದಾದರೂ ಸರಿ, ಹಾದಿಯ ದಾಖಲೆಯಿರುವ ಜಿಪಿಎಕ್ಸ್ ಫೈಲ್ ಹೊರತೆಗೆಯಲು ಬರಬೇಕು. ನಾಳೆ ಆ್ಯಪ್ ಬದಲಿಸಿದರೂ ನಿಮ್ಮ ಸವಾರಿಗಳು ನಿಮ್ಮ ಕೈಯಲ್ಲೇ ಇರುತ್ತವೆ.

ಸವಾರಿಯನ್ನು ಊರಿಗೆಲ್ಲ ತೋರಿಸುವವರು ಮನೆಯ ಸುತ್ತಲಿನ ಭಾಗವನ್ನು ಮರೆಮಾಡಿ. 2018ರ ಜನವರಿಯಲ್ಲಿ ಸ್ಟ್ರಾವಾದ ಜಾಗತಿಕ ನಕ್ಷೆಯಲ್ಲಿ ಸೈನಿಕರ ಓಟದ ಗೆರೆಗಳೇ ಗುಪ್ತ ಸೇನಾ ನೆಲೆಗಳನ್ನು ತೋರಿಸಿಕೊಟ್ಟಿದ್ದವು. ದಿನಾ ಬೆಳಗ್ಗೆ ಐದೂವರೆಗೆ ದುಬಾರಿ ಸೈಕಲ್ಲೊಂದು ಯಾವ ಗೇಟಿನಿಂದ ಹೊರಡುತ್ತದೆ ಎಂಬುದನ್ನು ನಿಮ್ಮ ಗೆರೆ ಅದಕ್ಕಿಂತ ಸಲೀಸಾಗಿ ಹೇಳುತ್ತದೆ.

ದಟ್ಟ ಕಾಡಿನ ಘಾಟಿಯಲ್ಲಿ, ಅಂಡರ್‌ಪಾಸುಗಳಲ್ಲಿ ಜಿಪಿಎಸ್ ತೊದಲುತ್ತದೆ. ಅಲ್ಲೂ ಲೆಕ್ಕ ತಪ್ಪಬಾರದು ಎನ್ನುವವರು ಚಕ್ರದ ಹಬ್ಬಿಗೆ ಸುತ್ತುವ ಸ್ಪೀಡ್ ಸೆನ್ಸರ್ ಹಾಕಿಸಬಹುದು. ಕೊಳ್ಳುವಾಗ ಬ್ಲೂಟೂತ್ ಇರುವುದನ್ನೇ ಕೇಳಿ. ಆ್ಯಂಟ್ ಪ್ಲಸ್ ಎಂಬ ಇನ್ನೊಂದು ನಿಸ್ತಂತು ಸಂಪರ್ಕ ಮಾತ್ರ ಇರುವ ಸೆನ್ಸರ್ ಐಫೋನಿಗೆ ನೇರವಾಗಿ ಸೇರುವುದಿಲ್ಲ, ಹೆಚ್ಚಿನ ಆಂಡ್ರಾಯ್ಡಿಗೂ ಇಲ್ಲ. ಆ್ಯಪಿನಲ್ಲಿ ಚಕ್ರದ ಸುತ್ತಳತೆ ತುಂಬಬೇಕಾಗುತ್ತದೆ. 700×25 ಟೈರಿಗೆ 2,105 ಮಿಲಿಮೀಟರ್, 700×28ಕ್ಕೆ 2,136 ಎಂದು ಪಟ್ಟಿ ಹೇಳುತ್ತದೆ. ಪಟ್ಟಿಗಿಂತ ನಿಮ್ಮದೇ ಅಳತೆ ಮೇಲು. ಎಂದಿನಷ್ಟು ಗಾಳಿ ತುಂಬಿಸಿ, ವಾಲ್ವ್ ನೇರ ಕೆಳಗೆ ಬಂದಾಗ ನೆಲದ ಮೇಲೆ ಸುಣ್ಣದ ಗುರುತು ಹಾಕಿ. ಸೀಟಿನ ಮೇಲೆ ಕೂತೇ, ಗೋಡೆ ಹಿಡಿದುಕೊಂಡು ನೇರ ಮುಂದೆ ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗುರುತು ಹಾಕಲು ಮನೆಯವರಿಗೆ ಹೇಳಿ. ಎರಡರ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆಯಿರಿ. ಮೈಭಾರಕ್ಕೆ ಟೈರು ತುಸು ತಗ್ಗುವುದರಿಂದ ಕೂತು ಅಳೆದದ್ದೇ ಸರಿ.

ಯಾವಾಗ ಕೊಳ್ಳಬೇಕು?

ಸೈಕಲ್ ಕಂಪ್ಯೂಟರ್ ಕೊಳ್ಳಬೇಕಾದದ್ದು ಬ್ರೆವೆಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹೆಸರು ಕೊಟ್ಟ ದಿನ. 200 ಕಿಲೋಮೀಟರಿನ ಬ್ರೆವೆ ಮುಗಿಸಲು ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಗಡುವಿರುತ್ತದೆ. ಅಷ್ಟು ಹೊತ್ತು, ತಿರುವು ತಿರುವಿಗೂ ದಾರಿ ತೋರಿಸುತ್ತ, ಬಿಸಿಲಲ್ಲೂ ರಾತ್ರಿಯಲ್ಲೂ ಉರಿಯುತ್ತಿರಬೇಕಾದ ಕೆಲಸಕ್ಕೆ ಹಳೇ ಫೋನು ಹೊರೆಯಾಗುತ್ತದೆ. ಸೈಕಲ್ ಕಂಪ್ಯೂಟರುಗಳಲ್ಲಿ ಅನೇಕವಕ್ಕೆ ಬಿಸಿಲಿನ ಬೆಳಕನ್ನೇ ಬಳಸಿಕೊಂಡು ಕಾಣುವ ಪರದೆ ಇರುತ್ತದೆ. ಹಗಲಲ್ಲಿ ಹಿಂಬೆಳಕೇ ಬೇಕಿಲ್ಲದ್ದರಿಂದ ಒಂದು ಚಾರ್ಜಿಗೆ ಹದಿನೈದು ಇಪ್ಪತ್ತು ಗಂಟೆ ನಡೆಯುತ್ತವೆ. ಗುಂಡಿಗಳಿದ್ದರೆ ಮಳೆಯಲ್ಲಿ ಕೈಗವಸು ಹಾಕಿಕೊಂಡೇ ಒತ್ತಬಹುದು.

ಆ ಹೊತ್ತಿಗೆ ನಿಮಗೆ ಯಾವ ಅಂಕಿ ಬೇಕು ಎಂದು ಹಳೇ ಫೋನು ಕಲಿಸಿರುತ್ತದೆ. ಹೆಚ್ಚಿನವರು ನೋಡುವುದು ದೂರ, ವೇಗ, ಗಡಿಯಾರ, ಮುಂದಿನ ತಿರುವು. ಮಿಕ್ಕ ಅರವತ್ತು ಬಗೆಯ ಅಂಕಿಗಳಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ದಾರಿ ತೋರಿಸುವುದು ಬೇಕಿದ್ದರೆ ನಕ್ಷೆ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ನಕ್ಷೆಯಿಲ್ಲದೆ ಬರೀ ಗೆರೆ ತೋರಿಸುವ ಅಗ್ಗದ ಮಾದರಿಗಳು ಮೂರು ರಸ್ತೆ ಕೂಡುವ ಹಳ್ಳಿಯ ಸರ್ಕಲ್ಲಿನಲ್ಲಿ ಕೈಬಿಡುತ್ತವೆ. ಬ್ಲೂಟೂತ್ ಸೆನ್ಸರ್ ಈಗಾಗಲೇ ಕೊಂಡಿದ್ದರೆ ಅಂಗಡಿಗೇ ಒಯ್ದು ಜೋಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.